ಕೊರಳಿಗೆ ಬಿದ್ದ ಅತ್ತೆ

ರೋಹಿಣಿಗೆ ಆವತ್ತು ಹೇಳಬೇಕಾದ ಮಾತು ಒಂದೇ ಇತ್ತು. ನಾನು ಎಲ್ಲಿಗೂ ಹೋಗುವುದಿಲ್ಲ.

ಸಂಜೆ ಕೋಲಸಿರ್ಸಿಯಿಂದ ಅಣ್ಣ ವೆಂಕಟ್ರಮಣ ವ್ಯಾನು ತರುವವನಿದ್ದ. ನರಗಳು ಒಂದೊಂದಾಗಿ ಸೋಲುವ ಕಾಯಿಲೆ ಮೊದಲು ಅವಳ ನಾಲಿಗೆಯನ್ನು, ಆಮೇಲೆ ಕಾಲುಗಳನ್ನು ಹಿಡಿದಿತ್ತು. ಇಂಥವಳು ಎಕ್ಕಂಬಿಯ ಈ ಮನೆಯಲ್ಲಿದ್ದು ಏನು ಮಾಡಬೇಕು, ತವರಿನಲ್ಲಿ ಆರಾಮಾಗಿರಲಿ ಎಂದು ಗಂಡ ಸುಜಯ, ಪಕ್ಕದ ಮನೆಯ ದಾಕ್ಷಾಯಿಣಿ, ಓಣಿಯ ಇನ್ನೂ ನಾಲ್ಕು ಜನ ಸೇರಿ ತೀರ್ಮಾನಿಸಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ಕೊಡಲು ನಾಲಿಗೆ ಎಲ್ಲಿತ್ತು?

ಹಾಗಾಗಿ ಬೆಳಿಗ್ಗೆ ಶಿರಸಿಯ ಮೊಬೈಲ್ ಅಂಗಡಿಯ ತಾರಿಕ್ ಬಂದು ಮಾತಾಡಲು ನೆರವಾಗುವ ಸಾಧನವೊಂದನ್ನು ತೊಡಿಸಿದಾಗ ಅವಳ ಎದೆ ಡವಗುಟ್ಟಿತು. ಬೆರಳಿಗೊಂದು ಉಂಗುರ, ಕೊರಳಿಗೆ ತಾಯಿತದಷ್ಟು ಪೆಟ್ಟಿಗೆ. ತೊಡೆಯ ಮೇಲೆ ಉಂಗುರದ ಬೆರಳಾಡಿಸಿ ಅಕ್ಷರ ಬರೆದರೆ, ನಡುವೆ ತಂತಿಯಿಲ್ಲದೆಯೇ ಪೆಟ್ಟಿಗೆ ಮಾತಾಡುತ್ತದೆ. ದನಿಗೆ ಅವಳದೇ ಹಳೆಯ ಮಾತುಗಳು ಬೇಕೆಂದು ತಾರಿಕ್ ಮೊದಲೇ ಕೇಳಿದ್ದ. ಸುಜಯ ಫೋನು ಜಾಲಾಡಿದರೂ ಹೆಂಡತಿಯ ಒಂದು ಮಾತೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಹೋದ ವರ್ಷ ತೀರಿಕೊಂಡ ತನ್ನ ಅವ್ವ ಮುರಿಗೆವ್ವನ ವಾಯ್ಸ್ ಮೆಸೇಜುಗಳು, ರಾಶಿ ರಾಶಿ. ಹೆಂಗಸಿನ ದನಿ ತಾನೇ ಎಂದು ಅವನ್ನೇ ಕೊಟ್ಟಿದ್ದ.

ರೋಹಿಣಿ ಮೊದಲಿಗೆ, ಚಾ ಬೇಕು ಎಂದು ಬರೆದಳು.

"ಚಾ ಬೇಕು," ಎಂದಳು ಮುರಿಗೆವ್ವ.

ಸುಜಯ ಕಾದ ಹಂಚು ತಾಗಿದವನಂತೆ ಕುರ್ಚಿಯಿಂದೆದ್ದ. ಅವ್ವ ಕುಡಿಯುತ್ತಿದ್ದಂಥ ಸಕ್ಕರೆಯಿಲ್ಲದ ಚಹಾ ತಂದಿಟ್ಟು ಕೈಕಟ್ಟಿ ನಿಂತ. ಬೆಕ್ಕು ಅಟ್ಟ ಹತ್ತಿದ್ದು ಇಳಿಯಲೇ ಇಲ್ಲ. ಮದುವೆಯಾಗಿ ಬಂದಂದಿನಿಂದ ರೋಹಿಣಿ ಯಾವ ದನಿ ಕೇಳಿದೊಡನೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳೋ ಅದು ಈಗ ಅವಳ ಕೊರಳಿನಿಂದಲೇ ಹೊರಡುತ್ತಿತ್ತು. ಅರಿವಿಲ್ಲದೆ ಕೈ ಸೆರಗಿಗೆ ಹೋಯಿತು.

ಗೋಡೆಯಾಚೆಯಿಂದ ಕೇಳಿಸಿಕೊಂಡ ದಾಕ್ಷಾಯಿಣಿ, ಮುರಿಗೆವ್ವ ಇದ್ದಾಗ ಈ ಮನೆಯಿಂದ ಒಯ್ದು ಮರೆತವಳಂತೆ ಇಟ್ಟುಕೊಂಡಿದ್ದ ಹಿತ್ತಾಳೆ ತಂಬಿಗೆಯನ್ನು ಬೆಳಗಿ ತಂದು ಕಟ್ಟೆಯ ಮೇಲಿಟ್ಟಳು. ಅವಳ ಹಿಂದೆ ಇಡೀ ಓಣಿಯೇ ಬಂತು. ಮುದುಕ ಕೆರಿಯಪ್ಪ ಎದುರಿಗೆ ಕೂತು, ತನ್ನ ಗದ್ದೆಯ ಗಡಿಕಲ್ಲು ಮೊದಲು ಎಲ್ಲಿತ್ತೆಂದು ಕೇಳಿದ. ಗೊತ್ತಿಲ್ಲ ಎಂದು ರೋಹಿಣಿ ಬರೆದಳು. ದನಿ ಹಾಗೆಂದದ್ದೇ ಕೆರಿಯಪ್ಪನ ಕಣ್ಣು ತುಂಬಿ ಬಂತು.

"ಅಕಿನೇ ನೋಡ್ರಿ. ಗೊತ್ತಿದ್ರೂ ಹೇಳಾಕಿ ಅಲ್ಲ."

ರೋಹಿಣಿ ಬೆವರುತ್ತ ಮತ್ತೆ ಬರೆದಳು.

"ನಾನು ರೋಹಿಣಿ," ಎಂದಿತು ದನಿ.

"ಸೊಸಿ ಮೈಯಾಗ ಬಂದೀನಿ ಅಂತ ಹೇಳಾಕತ್ತಾಳ, ಪಾಪ," ಎಂದು ದಾಕ್ಷಾಯಿಣಿ ಎಲ್ಲರಿಗೂ ಬಿಡಿಸಿ ಹೇಳಿದಳು.

ಇದು ಬರೀ ಮಷೀನು ಎಂದು ಹೇಳಿ ಹೇಳಿ ತಾರಿಕ್‌ಗೆ ಸಾಕಾಯಿತು. ಬೈಕು ಹತ್ತುವ ಮುಂಚೆ ಅವನೂ ಒಮ್ಮೆ ತಿರುಗಿ ನೋಡಿದ.

ಸಂಜೆ ವ್ಯಾನು ಅಂಗಳಕ್ಕೆ ಬಂತು. ಅವಳ ಬಟ್ಟೆಯ ಗಂಟು ಏರಿತು. ಇನ್ನು ತಡಮಾಡುವಂತಿಲ್ಲವೆಂದು ರೋಹಿಣಿ, ದಿನವಿಡೀ ಎದೆಯಲ್ಲಿಟ್ಟುಕೊಂಡಿದ್ದ ಮಾತನ್ನು ಒತ್ತಿ ಒತ್ತಿ ಬರೆದಳು.

"ನಾ ಎಲ್ಲಿಗೂ ಹೋಗೂದಿಲ್ಲ. ಇದು ನನ್ನ ಮನಿ."

ಸುಜಯ ನೆಲಕ್ಕೆ ಹಣೆ ಹಚ್ಚಿದ.

"ಆತು ಬಿಡವ್ವ. ನಿನ್ನ ಯಾರು ಕಳಸ್ತಾರ?"

ರೋಹಿಣಿಯ ಎದೆ ಹಗುರಾಯಿತು. ಈ ಮನೆಯಲ್ಲಿ ಅವಳ ಮಾತೊಂದು ನಡೆದದ್ದು ಇದೇ ಮೊದಲು.

ಸುಜಯ ಎದ್ದು ಬಂದು, ಬಲು ಮೆತ್ತಗೆ, ಅವಳ ಕೊರಳಿನಿಂದ ಪೆಟ್ಟಿಗೆಯನ್ನು ಬಿಚ್ಚಿದ. ದಾಕ್ಷಾಯಿಣಿ ತಟ್ಟೆ ಹಿಡಿದಳು. ಪೆಟ್ಟಿಗೆಗೆ ವಿಭೂತಿ ಹಚ್ಚಿ, ಹೂವೇರಿಸಿ ಕಟ್ಟೆಯ ಮೇಲಿಟ್ಟರು. ವೆಂಕಟ್ರಮಣ ತಂಗಿಯನ್ನು ಎತ್ತಿಕೊಂಡು ಹೋಗಿ ವ್ಯಾನಿನಲ್ಲಿ ಕೂರಿಸಿದ.

ಉಂಗುರ ಮಾತ್ರ ಅವಳ ಬೆರಳಲ್ಲೇ ಉಳಿದಿತ್ತು. ಯಾರಿಗೂ ಅದರ ನೆನಪಾಗಿರಲಿಲ್ಲ. ರೋಹಿಣಿ ಮೈಯ ಬಲವನ್ನೆಲ್ಲ ಆ ಬೆರಳಿಗೆ ತಂದು ತೊಡೆಯ ಮೇಲೆ ಬರೆದಳು.

ಕಟ್ಟೆಯ ಮೇಲಿನ ತಟ್ಟೆಯಿಂದ ಮುರಿಗೆವ್ವ ಕೂಗಿದಳು.

"ನನ್ನ ಒಳಗ ಕರಕೊಂಡು ಹೋಗು."

"ಬಂದೆ, ಅವ್ವಾ," ಎಂದ ಸುಜಯ. ವ್ಯಾನಿನ ಕಡೆ ನೋಡಲಿಲ್ಲ. ಎರಡೂ ಕೈಯಿಂದ ತಟ್ಟೆಯನ್ನೆತ್ತಿ, ಹೊಸ್ತಿಲಿಗೆ ತಾಗದಂತೆ ದಾಟಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.