ಕುಷ್ಟಣ್ಣನೂ ವಿಮಾನದ ಸ್ಪ್ರಿಂಗೂ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ವಸ್ತು ಕಿರುಬೆರಳಿಗಿಂತ ಉದ್ದವಿರಲಿಲ್ಲ. ಒಂದು ಸ್ಪ್ರಿಂಗು, ಎರಡು ತುದಿಗೆ ಎರಡು ಕೊಕ್ಕೆ. ಅದನ್ನು ನೆನೆದರೆ ತೆಕ್ಕಟ್ಟೆಯವರಿಗೆ ಇವತ್ತಿಗೂ ನಗು ಬರುತ್ತದೆ. ಕುಷ್ಟಣ್ಣನಿಗೆ ಮೈ ಉರಿಯುತ್ತದೆ.

ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತು. ಕುಷ್ಟ ಕುಂದಾಪುರದಿಂದ ಮಾಬುಕಳದ ದೋಣಿ ಕಡವಿನವರೆಗೆ ಬಸ್ಸು ಓಡಿಸುತ್ತಿದ್ದ. ಆ ದಾರಿಗೆ ಇದ್ದದ್ದೇ ಒಂದು ಬಸ್ಸು, ಒಬ್ಬ ಡ್ರೈವರು. ಅವನ ಬಾಯಿಗೆ ಹೆದರಿ ರಸ್ತೆಯ ದನಗಳೂ ಬದಿಗೆ ಸರಿಯುತ್ತಿದ್ದವು. ತಿಂಗಳಿಂದ ಕಾರ್ಬುರೇಟರಿನ ಸ್ಪ್ರಿಂಗು ತುಂಡಾಗಿ, ಒತ್ತಿದ ಪೆಡಲು ಮೇಲೇಳುತ್ತಿರಲಿಲ್ಲ. ಪ್ರತಿ ಸಲ ಕಾಲಿನ ಹೆಬ್ಬೆರಳು ತೂರಿಸಿ ಎತ್ತಬೇಕಿತ್ತು. ಮಾಲೀಕ ಕಿವಿಗೆ ಹಾಕಿಕೊಳ್ಳದ್ದರಿಂದ ಕುಷ್ಟ ದಿನಾ ಬೆಳಿಗ್ಗೆ ಕಂಡಕ್ಟರ್ ಗುಡ್ಡನ ಮೇಲೆ ಹಾರಾಡುತ್ತಿದ್ದ.

"ಎಲ್ಲಿಂದಾರೂ ಒಂದ್ ಸ್ಪ್ರಿಂಗ್ ತಕಂಡ್ ಬಾ. ಎಲ್ಲಿಂದ ತಂದೆ ಅಂದ್ ನಾನ್ ಕೇಂತಿಲ್ಲೆ."

ಒಂದು ಬೆಳಿಗ್ಗೆ ಪೆಡಲು ತಾನಾಗಿ ಮೇಲೆದ್ದಿತು, ಗುಡ್ಡ ಎಲ್ಲಿಂದಲೋ ಸ್ಪ್ರಿಂಗು ತಂದು ಹಾಕಿದ್ದ. ಕುಷ್ಟ ಹೇಳಿದ ಮಾತಿಗೆ ಸರಿಯಾಗಿ ಏನೂ ಕೇಳಲಿಲ್ಲ.

ದಾರಿಯಲ್ಲಿ ತೆಕ್ಕಟ್ಟೆಗೆ ಬಂದರೆ ರಸ್ತೆ ತುಂಬ ಜನ. ಹಿಂದಿನ ಸಂಜೆ ಪೆಟ್ರೋಲು ಮುಗಿದು ಸಣ್ಣ ವಿಮಾನವೊಂದು ಕಡಲ ದಂಡೆಯಲ್ಲಿ ಇಳಿದಿತ್ತು. ಪೈಲಟ್ ಉದಯಶಂಕರ, ಮಂಗಳೂರಿನವನು, ಶಾಲೆಯ ಶಾಮರಾಯ ಮಾಸ್ತರರ ಮನೆಯಲ್ಲಿ ಉಂಡು ಮಲಗಿದ್ದ. ಈಗ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ.

"ಪೆಟ್ರೋಲು ಸಿಕ್ಕಿತು. ಇಂಜಿನಿನ ಮುಚ್ಚಳ ತೆಗೆದು ನೋಡಿದರೆ ಕಾರ್ಬುರೇಟರಿನ ಸ್ಪ್ರಿಂಗೇ ಇಲ್ಲ. ಅದಿಲ್ಲದೆ ನಾನು ಮೇಲೇರುವುದಿಲ್ಲ. ಸಂಜೆ ದೊಡ್ಡ ಉಬ್ಬರ ಬಂದರೆ ವಿಮಾನ ಕಡಲಿಗೆ ಹೋಗುತ್ತದೆ."

ಕುಷ್ಟನ ಪಿತ್ತ ನೆತ್ತಿಗೇರಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗಿದ.

"ಊರಿಗ್ ಬಂದವ್ರ್ ಸಾಮಾನ್ ಕದ್ದ ಬೇವಾರ್ಸಿ ಯಾರ್? ಇವತ್ ಹೊತ್ತ್ ಕಂತುದ್ರೊಳ್ಗೆ ಅವ್ನ್ ಸಿಕ್ರೆ ನನ್ ಬಸ್ಸಿನ್ ಮುಂದ್ ಕಟ್ಟಿ ಕುಂದಾಪ್ರದ್ ತನ್ಕ ಓಡ್ಸ್ತೆ. ದೇವ್ರಾಣೆ."

"ಎಲ್ಲ ಕೇಂಡ್ರಿ ಅಲ್ದಾ?" ಎಂದರು ಶಾಮರಾಯ ಮಾಸ್ತರರು.

ಎಲ್ಲರೂ ಕೇಳಿದ್ದರು. ಗುಡ್ಡನೂ ಕೇಳಿದ್ದ. ಅವನು ಕುಷ್ಟನ ತೋಳು ಹಿಡಿದು ಬಸ್ಸಿನ ಹಿಂದಕ್ಕೆ ಎಳೆದೊಯ್ದ.

"ಕುಷ್ಟಣ್ಣ, ಕೇಂತಿಲ್ಲೆ ಅಂದಿದ್ರಿ ನೀವ್. ನಿನ್ನೆ ಸಂಜಿಗ್ ವಿಮಾನ ಕಾಂಬುಕ್ ಹೋದಾಗ..."

ಕುಷ್ಟನಿಗೆ ಅವನ ಕುತ್ತಿಗೆ ಹಿಸುಕಬೇಕೆನಿಸಿತು. ಆದರೆ ಹಿಸುಕಿದರೂ ಆಣೆ ವಾಪಸು ಬರುತ್ತಿರಲಿಲ್ಲ.

"ಈಗ್ ಹೇಳ್ರೆ ಯಾರ್ ನಂಬ್ತ್ರ್, ಮಂಗ? ತಿಂಗ್ಳಿಡೀ ಸ್ಪ್ರಿಂಗ್ ಸ್ಪ್ರಿಂಗ್ ಅಂದ್ ಬೊಬ್ಬಿ ಹಾಕದ್ ನಾನ್."

ಕದ್ದದ್ದನ್ನು ಕದ್ದೇ ವಾಪಸು ಇಡಬೇಕು, ಬೇರೆ ದಾರಿಯಿಲ್ಲ. ಬಸ್ಸಿನಿಂದ ಸ್ಪ್ರಿಂಗನ್ನು ಬಿಚ್ಚಿ ಮುಂಡಾಸಿನೊಳಗೆ ಸಿಕ್ಕಿಸಿಕೊಂಡು ಕುಷ್ಟ ಕಡಲ ಕಡೆ ಹೊರಟ. ನೂರು ಹೆಜ್ಜೆ ಹೋಗಿರಲಿಲ್ಲ, ಶಾಮರಾಯ ಮಾಸ್ತರರು ಕೈ ಹಿಡಿದರು.

"ಎಲ್ಲಿಗ್ ಹೋಪ್ದ್? ಮನೆಮನೆ ಹುಡ್ಕುಕ್ ಇತ್ತ್. ನಿನ್ನಷ್ಟ್ ಸಿಟ್ಟ್ ಯಾರಿಗಿತ್ತ್? ನೀನೇ ಮುಂದೆ ನಿಲ್ಕ್."

ಈ ಮಾಸ್ತರರಿಗೆ ಶಾಲೆಯಲ್ಲಿ ಕೆಲಸ ಇರಲಿಲ್ಲವೇ? ಇತ್ತು, ಮಕ್ಕಳಿಗೆ ರಜೆ ಕೊಟ್ಟು ಬಂದಿದ್ದರು. ಪ್ರಯಾಣಿಕರೂ ಬಸ್ಸಿಳಿದು ಹುಡುಕಾಟಕ್ಕೆ ಸೇರಿದರು. ತಲೆಯ ಮೇಲೆ ಕಳವಿನ ಮಾಲು ಹೊತ್ತ ಕುಷ್ಟ ಊರವರ ಅಕ್ಕಿಯ ಮುಡಿ, ಬಲೆಯ ರಾಶಿ, ದೇವರ ಪೆಟ್ಟಿಗೆ ಎಲ್ಲ ಜಾಲಾಡಿದ. ಬಗ್ಗಿದಾಗಲೆಲ್ಲ ಕೊಕ್ಕೆ ಕೂದಲಿಗೆ ಸಿಕ್ಕಿ ನೆತ್ತಿ ಚುಚ್ಚುತ್ತಿತ್ತು. ನೋವಿಗೆ ಕೂಗಿದರೆ ಜನ ಅದನ್ನು ಸಿಟ್ಟೆಂದು ತಿಳಿದು ಹೊಗಳುತ್ತಿದ್ದರು. ಮೀನು ಮಾರುವ ಜಲಜಳ ಬುಟ್ಟಿಯನ್ನು ಮಗುಚಿ ಹಾಕಿದಾಗ ಮಾತ್ರ ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

"ನನ್ ಬಂಗ್ಡಿ ಹೊಟ್ಟಿಯಲ್ ಎಂತ ಹುಡ್ಕ್ತ್ರಿ? ಆಗ್ಳಿಂದ ತಲಿ ತುರ್ಸ್ಕಂತಾ ಇದ್ರಿ. ಮುಂಡಾಸ್ ಬಿಚ್ಚಿ, ಕಾಂಬ."

"ಬಾಯ್ ಮುಚ್ಚ್" ಎಂದು ಗದರಿ ಕುಷ್ಟ ಬೆವರು ಒರೆಸಿಕೊಂಡ.

ನಾಲ್ಕು ಗಂಟೆಗೆ ಎಲ್ಲರೂ ಸೋತು ವಿಮಾನದ ಸುತ್ತ ಕುಳಿತರು. ಅಲೆಯ ನೊರೆ ಚಕ್ರಕ್ಕೆ ಹತ್ತು ಮಾರು ದೂರದಲ್ಲಿತ್ತು. ಕುಷ್ಟ ಇದ್ದಕ್ಕಿದ್ದಂತೆ ಎದ್ದು ಗಾಳಿಮರದ ತೋಪಿನ ಕಡೆ ಕೈ ತೋರಿಸಿದ.

"ಹ್ವಾಯ್, ಅಲ್ಲ್ ಕಾಣಿ, ಯಾರೋ ಓಡ್ತಾ ಇದ್ದ."

ಪೈಲಟನೂ ಸೇರಿ ಇಡೀ ಊರು ತೋಪಿಗೆ ಓಡಿತು. ಕುಷ್ಟ ಇಂಜಿನಿನ ಮುಚ್ಚಳ ಎತ್ತಿದ. ಹನ್ನೆರಡು ವರ್ಷ ಮೋಟಾರಿನಲ್ಲಿ ಪಳಗಿದ ಕೈ, ನೋಡುವ ಅಗತ್ಯವೂ ಬೀಳಲಿಲ್ಲ. ಒಂದು ಕೊಕ್ಕೆ ಕಾರ್ಬುರೇಟರಿನ ಹಿಡಿಗೆ, ಇನ್ನೊಂದು ಬೋಲ್ಟಿಗೆ. ಎಳೆದು ಬಿಟ್ಟ, ಟಕ್ಕೆಂದು ಹಿಂದೆ ಬಂತು. ಮುಚ್ಚಳ ಹಾಕಿ, ಬೆಳಗಿನಿಂದ ಮೊದಲ ಬಾರಿಗೆ ನೆಟ್ಟಗೆ ಉಸಿರಾಡಿದ.

ಜನ ಏದುಸಿರು ಬಿಡುತ್ತ ಮರಳಿದರು.

"ಇನ್ನೊಂದ್ ಸಲ ಮುಚ್ಚಳ ತೆಗ್ದ್ ಕಾಣಿ" ಎಂದ ಕುಷ್ಟ. "ಕಳ್ಳ ನನ್ ಬಾಯಿಗ್ ಹೆದ್ರಿ ತಂದ್ ಇಟ್ಟಿದ್ನೋ ಏನೋ."

ಉದಯಶಂಕರ ತೆಗೆದ. ಸ್ಪ್ರಿಂಗು ಅಲ್ಲೇ ಇತ್ತು. ಜನ ಹೋ ಎಂದು ಕೂಗಿದರು, ಯಾರೋ ಕುಷ್ಟನ ಬೆನ್ನು ತಟ್ಟಿದರು. ಅವನು ಮೀಸೆ ತಿರುವಿದ.

ಪೈಲಟ್ ಮಾತ್ರ ನಗಲಿಲ್ಲ. ಸ್ಪ್ರಿಂಗನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

"ಮೋಟಾರಿನಲ್ಲಿ ಪೆಡಲಿನ ಸಲಾಕೆ ಕಳಚಿದರೆ ಸ್ಪ್ರಿಂಗು ಇಂಜಿನನ್ನು ತಗ್ಗಿಸಬೇಕು, ಗಾಡಿ ನಿಲ್ಲಬೇಕು. ವಿಮಾನದಲ್ಲಿ ಅದಕ್ಕೆ ತಿರುಗುಮುರುಗು. ಆಕಾಶದಲ್ಲಿ ಸಲಾಕೆ ಕಳಚಿದರೆ ಇಂಜಿನು ಪೂರ್ತಿ ಓಡಬೇಕು, ಇಲ್ಲದಿದ್ದರೆ ನಾನು ಬೀಳುತ್ತೇನೆ. ನನ್ನ ಸ್ಪ್ರಿಂಗು ಆಚೆ ಬೋಲ್ಟಿಗಿತ್ತು, ಇದು ಈಚೆ ಬೋಲ್ಟಿಗಿದೆ. ಸಿಕ್ಕಿಸಿದವನಿಗೆ ಮೋಟಾರು ಬಿಟ್ಟು ಬೇರೇನೂ ಗೊತ್ತಿಲ್ಲ. ಈ ಊರಿನಲ್ಲಿ ಮೋಟಾರು ಬಲ್ಲವರು ಎಷ್ಟು ಜನ?"

ಯಾರೂ ಎಣಿಸಲು ಹೋಗಲಿಲ್ಲ. ಎಲ್ಲರ ಮುಖವೂ ಒಂದೇ ಕಡೆ ತಿರುಗಿತು.

"ನಾನ್ ಕದ್ದದ್ದಲ್ಲ, ವಾಪಾಸ್ ಇಟ್ಟದ್ದ್" ಎಂದ ಕುಷ್ಟ.

"ಕದಿಯದ್ದೆ ವಾಪಾಸ್ ಇಡುಕ್ ಆತ್ತಾ?" ಎಂದರು ಮಾಸ್ತರರು.

"ಗುಡ್ಡ, ಹೇಳಾ ನೀನ್."

ಗುಡ್ಡ ಮರಳನ್ನು ನೋಡಿದ, ಜನರನ್ನು ನೋಡಿದ. "ನಾನ್ ಎಂತ ಹೇಳ್ಕ್? ತಿಂಗ್ಳಿಂದ ಸ್ಪ್ರಿಂಗ್ ಬೇಕ್ ಅಂದ್ ಕೂಗ್ತಾ ಇದ್ದದ್ದ್ ಹೌದ್."

ಉದಯಶಂಕರ ಸ್ಪ್ರಿಂಗನ್ನು ಆಚೆ ಬೋಲ್ಟಿಗೆ ಹಾಕಿಕೊಂಡು ಹಾರಿಹೋದ. ಬಂಗಡೆ ಬುಟ್ಟಿ ಮರೆಯದ ಜಲಜ ಬಲೆಯ ಹಗ್ಗ ತಂದಳು. ಊರವರು ಬಸ್ಸನ್ನು ತಳ್ಳಿ ಕುಂದಾಪುರದ ಕಡೆ ತಿರುಗಿಸಿ, ಕುಷ್ಟನ ಸೊಂಟಕ್ಕೆ ಹಗ್ಗ ಬಿಗಿದು ಬಸ್ಸಿನ ಮುಂದೆ ನಿಲ್ಲಿಸಿದರು. ಆಣೆ ಅವನದೇ, ಯಾರಿಗೂ ಪಾಪ ತಟ್ಟುವಂತಿರಲಿಲ್ಲ. ಬಸ್ಸು ಓಡಿಸುವವರು ಯಾರು ಎಂಬುದೊಂದೇ ಚಿಂತೆ.

"ನಾನ್ ಓಡ್ಸ್ತೆ" ಎಂದ ಗುಡ್ಡ. ಮೂರು ವರ್ಷದಿಂದ ಅವನು ಸ್ಟೀರಿಂಗ್ ಚಕ್ರ ಮುಟ್ಟಲು ಬಿಡಿ ಎಂದು ಬೇಡುತ್ತಿದ್ದ. "ಕಂಡ್ ಕಲ್ತಿದ್ದೆ."

ಕುಷ್ಟನ ಸಿಟ್ಟೆಲ್ಲ ಆಗ ಇಳಿಯಿತು. "ಗುಡ್ಡಾ, ಬ್ಯಾಡ ಮಾರಾಯ. ಪೆಡಲ್ ಒತ್ತಬ್ಯಾಡ. ಸ್ಪ್ರಿಂಗ್ ವಿಮಾನದಲ್ ಹೋಯ್ತ್."

ಇಂಜಿನಿನ ಸದ್ದಿನಲ್ಲಿ ಗುಡ್ಡನಿಗೆ ಅದು ಕೇಳಿಸಲಿಲ್ಲ. ಅವನು ಪೆಡಲು ಒತ್ತಿದ. ಅದು ಮೇಲೆ ಬರಲಿಲ್ಲ.

ಆ ದಿನ ಬಸ್ಸು ಕುಂದಾಪುರಕ್ಕೆ ಎಂದಿಗಿಂತ ಹತ್ತು ನಿಮಿಷ ಬೇಗ ಮುಟ್ಟಿತು. ಕುಷ್ಟ ಅದಕ್ಕಿಂತಲೂ ಬೇಗ ಮುಟ್ಟಿದ್ದ.