ಹನ್ನೊಂದನೇ ಕಂಬದ ಕುರ್ಚಿ

ಆ ದಿನದ ಫಜೀತಿಗೆಲ್ಲ ಕಾರಣ ವಿಂಟನ್ ಪೀಸ್ಲಿ ಆಡದೇ ಬಿಟ್ಟ ಒಂದು ಮಾತು. "ಆರ್ಮಾನ್, ನಾನು ಕೂತಿದ್ದೀನಿ ಕಣಯ್ಯಾ" ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಕೂಗುವುದು ವಿಂಟನ್‌ನ ಜಾಯಮಾನವಲ್ಲ. ವರ್ಮಾಂಟಿನ ಡನ್ನಿಂಗ್ ಎಂಬ ಪುಟ್ಟ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಮುದ್ರೆ ಒತ್ತುತ್ತಿದ್ದ ಮನುಷ್ಯ. ಮುದ್ರೆಯನ್ನೂ ಸದ್ದಾಗದಂತೆ ಒತ್ತುತ್ತಿದ್ದ.

ಊರಿನ ಹಿಂದೆ ಟ್ಯಾಲೋ ಗುಡ್ಡ. ಒಂದು ಕಾಲಕ್ಕೆ ಅಲ್ಲಿ ಸ್ಕೀ ಆಡಲು ಸುತ್ತಲ ಹತ್ತು ಊರಿನವರು ಬರುತ್ತಿದ್ದರು. ಆಮೇಲೆ ಸಾಲಾಗಿ ಎರಡು ಚಳಿಗಾಲ ಹಿಮ ಕೈಕೊಟ್ಟಿತು, ಮಾಲೀಕ ಬೀಗ ಜಡಿದು ಫ್ಲೋರಿಡಾ ಕಡೆ ಹೋದವನು ತಿರುಗಿ ನೋಡಲಿಲ್ಲ. ಇಳಿಜಾರಿನಲ್ಲಿ ಬರ್ಚ್ ಗಿಡಗಳೆದ್ದವು. ಕಂಬಗಳ ನಡುವಿನ ತಂತಿಗೆ ತೂಗಿ ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುತ್ತಿದ್ದ ಲಿಫ್ಟಿನ ಕುರ್ಚಿಗಳು ಇಪ್ಪತ್ತಮೂರು ವರ್ಷ ಗಾಳಿಗೆ ಓಲಾಡುತ್ತ, ತಮ್ಮಲ್ಲೇ ಏನೋ ಗೊಣಗುತ್ತ ನೇತಾಡಿದವು.

ಆ ಇಪ್ಪತ್ತಮೂರು ವರ್ಷ ಗುಡ್ಡ ವಿಂಟನ್‌ನದಾಗಿತ್ತು. ಹೊಸ ಹಿಮ ಬಿದ್ದ ಪ್ರತಿ ಬೆಳಗ್ಗೆ ಸ್ಕೀಗಳನ್ನು ಹೆಗಲಿಗೇರಿಸಿ ಒಂದು ಗಂಟೆ ಹತ್ತುತ್ತಿದ್ದ, ನಾಲ್ಕು ನಿಮಿಷದಲ್ಲಿ ಜಾರಿ ಇಳಿಯುತ್ತಿದ್ದ. ಆ ನಾಲ್ಕು ನಿಮಿಷದಲ್ಲಿ ಲೋಕದಲ್ಲಿ ಯಾರೂ ಇರುತ್ತಿರಲಿಲ್ಲ. ಬಿಳುಪು, ಮತ್ತೆ ಬಿಳುಪು, ನಡುವೆ ಅವನದೇ ಉಸಿರು.

ಹೀಗಿರುವಾಗ ಪಕ್ಕದ ಮನೆಯ ಹೆಸ್ಟರ್ ಡಟನ್ ಗುಡ್ಡವನ್ನು ಮತ್ತೆ ತೆರೆಯಲು ಹೊರಟಳು. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ಅವಳು ಮೆಲ್ಲಗೆ ಮಾತಾಡಿದರೂ ಎರಡು ಹೊಲದಾಚೆಯ ಹಸು ಕತ್ತೆತ್ತಿ ನೋಡುತ್ತಿತ್ತು. ಊರಿನ ಶಾಲೆಯಲ್ಲಿ ಉಳಿದಿದ್ದವರು ಮೂವತ್ತೊಂದು ಮಕ್ಕಳು, ಅಂಗಡಿಗಳಲ್ಲಿ ಉಳಿದಿದ್ದದ್ದು ಒಂದು. ಗುಡ್ಡ ಬದುಕಿದರೆ ಊರು ಬದುಕೀತು ಎಂದು ಅವಳು ಮನೆಮನೆ ಸುತ್ತಿದಳು. ವಿಂಟನ್‌ಗೆ ಇಲ್ಲ ಎನ್ನಲು ಬರಲಿಲ್ಲ. ಆರು ಬೇಸಿಗೆ ತನ್ನ ಕೈಯಾರೆ ಬರ್ಚ್ ಗಿಡ ಕಡಿದ. ಪ್ರತಿ ಗಿಡಕ್ಕೂ ಮನಸ್ಸಿನಲ್ಲೇ ಕ್ಷಮೆ ಕೇಳಿದ.

ಕೊನೆಗೂ ತೆರೆಯುವ ದಿನ ಬಂತು. ಹತ್ತು ಗಂಟೆಗೆ ಸರ್ಕಾರದ ತಪಾಸಣಾಧಿಕಾರಿ ಬಂದು ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಮತ್ತೆ ಒಂದು ವರ್ಷ ಕಾಯಬೇಕು. ವಿಂಟನ್ ಏಳಕ್ಕೇ ಬಂದ. ಕೊನೆಯ ಸಲ ಒಬ್ಬನೇ ಇಳಿಯೋಣ ಎಂಬಾಸೆ. ಕೆಳಗಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಆರ್ಮಾನ್ ಗೊಡೆಟ್ ಮೋಟಾರು ಓಡಿಸಿ ನೋಡುತ್ತಿದ್ದ. ಕುರ್ಚಿಗಳು ಒಂದೊಂದಾಗಿ ಬಂದು, ತಿರುಗಿ, ಮೇಲೇರಿ ಹೋಗುತ್ತಿದ್ದವು. ಯಾರನ್ನೂ ಕೇಳದೆ, ಕನಸಿನಲ್ಲಿ ನಡೆದವನಂತೆ, ವಿಂಟನ್ ಒಂದರಲ್ಲಿ ಕೂತುಬಿಟ್ಟ.

ಹನ್ನೊಂದನೇ ಕಂಬದ ಹತ್ತಿರ ಕುರ್ಚಿ ನಿಂತಿತು. ಆರ್ಮಾನ್ ಪರೀಕ್ಷೆ ಮುಗಿಸಿ, ಮೋಟಾರು ಆರಿಸಿ, ಪ್ಯಾನ್‌ಕೇಕ್ ತಿನ್ನಲು ಹೊರಟುಹೋಗಿದ್ದ.

ನೆಲ ಮೂವತ್ತು ಅಡಿ ಕೆಳಗೆ. ವಿಂಟನ್‌ಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಹಿಮ ಬೀಳಲು ಶುರುವಾಯಿತು. ದೊಡ್ಡ ದೊಡ್ಡ ಎಸಳು, ಅವಸರವೇ ಇಲ್ಲದವು. ಸ್ಪ್ರೂಸ್ ಮರಗಳ ತುದಿಗಳು ಅವನ ಪಾದದ ಮಟ್ಟಕ್ಕಿದ್ದವು. ಕೆಳಗೆ ಊರು ಒಂದು ಬಟ್ಟಲು ಹಾಲಿನಲ್ಲಿ ಮುಳುಗಿದಂತೆ ಕಾಣದಾಯಿತು. ಕುರ್ಚಿ ತೊಟ್ಟಿಲಿನಂತೆ ತೂಗಿತು. ಇಷ್ಟು ವರ್ಷ ಕೆಳಗಿನಿಂದ ನೋಡಿದ್ದ ಮೌನ ಇಲ್ಲಿ ಮೇಲೆ ವಾಸವಾಗಿದೆ ಎಂದುಕೊಳ್ಳುತ್ತಲೇ ಅವನಿಗೆ ಜೊಂಪು ಹತ್ತಿತು.

"ಯಾರೋ ಅದು! ಲೇ ವಿಂಟನ್! ಅಲ್ಲೇನ್ ಮಾಡ್ತಿದ್ದೀಯೋ?"

ಹೆಸ್ಟರ್. ಕೈಯಲ್ಲಿ ಡೋನಟ್ ತಟ್ಟೆ, ಹಿಂದೆ ಅರ್ಧ ಊರು.

"ಏನಿಲ್ಲ, ಸುಮ್ನೆ ಕೂತಿದ್ದೆ," ಎಂದ ವಿಂಟನ್.

"ಸುಮ್ನೆ ಕೂರೋಕೆ ಮನೇಲಿ ಕುರ್ಚಿ ಇರ್ಲಿಲ್ವಾ? ತಡಿ, ನಾನೇ ಇಳಿಸ್ತೀನಿ."

"ಬೇಡಿ ಹೆಸ್ಟರ್, ಆರ್ಮಾನ್ ಬರ್ಲಿ—"

ಅವಳಾಗಲೇ ಶೆಡ್ಡಿನೊಳಗಿದ್ದಳು. ಕಂಡ ಹಿಡಿಕೆಗಳನ್ನೆಲ್ಲ ಒಟ್ಟಿಗೆ ಎಳೆದಳು. ಕುರ್ಚಿ ಒಂದು ಗಜ ಮುಂದೆ ಜಿಗಿಯಿತು, ಶೆಡ್ಡಿನಲ್ಲಿ ಢಂ ಎಂದಿತು, ಕರಿಹೊಗೆಯೆದ್ದಿತು. ಆರ್ಮಾನ್ ಗಡ್ಡಕ್ಕೆ ಮೇಪಲ್ ಪಾಕ ಅಂಟಿಸಿಕೊಂಡೇ ಓಡಿಬಂದ.

"ಬೆಲ್ಟ್ ಹೋಯ್ತು," ಎಂದು ಟೋಪಿ ತೆಗೆದ, ಸತ್ತವರ ಮುಂದೆ ನಿಂತವನಂತೆ. "ಬೇರೆ ಇದೆ. ಹಾಕೋಕೆ ಮೂರು ಗಂಟೆ ಬೇಕು."

ಕೆಳಗಿನಿಂದ ಸಲಹೆಗಳು ಹಾರಿಬಂದವು. "ಹಾರಿಬಿಡು ಮಾರಾಯ, ಹಿಮ ಮೆತ್ತಗಿದೆ!" "ಹಾರ್‌ಬೇಡ, ಮೆತ್ತಗಿರೋದು ಮೇಲಷ್ಟೇ!" ಹಸಿದಿದ್ದಾನೆಂದು ಯಾರೋ ಡೋನಟ್ ಎಸೆದರು, ಅದು ಸರಿಯಾಗಿ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಸರ್ಕಾರದ ಬಿಳಿ ಕಾರು ತಿರುವಿನಲ್ಲಿ ಕಾಣಿಸಿತು.

ಹೆಸ್ಟರ್‌ಳ ಮುಖವೂ ಆ ಕಾರಿನಷ್ಟೇ ಬಿಳುಪಾಯಿತು. "ವಿಂಟನ್, ಆರು ವರ್ಷದ ಕೆಲಸ ಕಣೋ. ದಮ್ಮಯ್ಯ ಅಂತೀನಿ, ಅಲ್ಲಾಡಬೇಡ. ನೀನು ಬೊಂಬೆ."

"ಏನು?"

"ತೂಕ ನೋಡೋಕೆ ಕೂರಿಸಿರೋ ಮರಳಿನ ಬೊಂಬೆ! ಬಾಯಿ ಮುಚ್ಕೊಂಡು ಕೂತ್ಕೋ!"

ವಿಂಟನ್‌ಗೆ ಇಲ್ಲ ಎನ್ನಲು ಬರಲಿಲ್ಲ.

ಅಧಿಕಾರಿ ಕ್ರೋವೆಲ್ ಮೇಡಂ ಸಣ್ಣ ಮೈಕಟ್ಟಿನ, ನಗೆಯನ್ನು ಮನೆಯಲ್ಲೇ ಬಿಟ್ಟುಬಂದಂತಿದ್ದ ಹೆಂಗಸು. ಕಂಬಗಳನ್ನು ಒಂದೊಂದಾಗಿ ತಟ್ಟುತ್ತ ಹನ್ನೊಂದನೆಯದಕ್ಕೆ ಬಂದಳು. "ಅದೇನು ಮೇಲೆ?"

"ತೂಕದ ಬೊಂಬೆ ಮೇಡಂ," ಎಂದಳು ಹೆಸ್ಟರ್. "ನಮ್ಮೂರಿನವರೇ ಹೊಲಿದದ್ದು."

"ಮುಖ ಯಾಕೆ ಅಷ್ಟು ಬೇಜಾರಾಗಿದೆ?"

"ಹೊಲಿದವರಿಗೆ ಕೈ ತಿರುಗಿರಲಿಲ್ಲ."

ಹಿಮದ ಒಂದು ಎಸಳು ತೇಲಿ ತೇಲಿ ಬಂದು ವಿಂಟನ್‌ನ ಮೂಗಿನ ಹೊಳ್ಳೆಯ ಮೇಲೆ ಕೂತಿತು. ಅವನು ಊರಿಗಾಗಿ ಉಸಿರು ಬಿಗಿಹಿಡಿದ, ಕಣ್ಣು ಮುಚ್ಚಿದ, ಮೂವತ್ತೊಂದು ಮಕ್ಕಳನ್ನು ನೆನೆದ. ಆಮೇಲೆ ಬೆಟ್ಟವೇ ಅದುರುವಂತೆ ಸೀನಿದ.

"ನಿಮ್ಮ ಬೊಂಬೆಗೆ ನೆಗಡಿಯಾಗಿದೆ," ಎಂದಳು ಮೇಡಂ. ಕೈಗಡಿಯಾರ ನೋಡಿಕೊಂಡಳು. "ಇಳಿಸಿ."

ಊರ ಅಗ್ನಿಶಾಮಕ ದಳದ ನಾಲ್ವರು ತಂತಿಯ ಮೇಲೆ ಹಗ್ಗ ಎಸೆದು, ಕೂರಲು ಒಂದು ಪಟ್ಟಿ ಏರಿಸಿದರು. ವಿಂಟನ್ ಕಾಲು ಹಾಕಬೇಕಾದಲ್ಲಿ ತಲೆ ಹಾಕಿದ, ಸ್ಕೀಗಳು ಕತ್ತರಿಯಾದವು, ಬಾವಿಯ ಕೊಡದಂತೆ ಗಿರಗಿರ ತಿರುಗುತ್ತ ಇಳಿದು, ಹೆಸ್ಟರ್‌ಳ ಡೋನಟ್ ತಟ್ಟೆಯ ಮೇಲೆ ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮೇಡಂ ಬರೆಯುವುದನ್ನೇ ನೋಡುತ್ತಿದ್ದರು. ಎದ್ದು ನಿಂತ ವಿಂಟನ್‌ಗೆ ಅಳು ಬರುವಂತಾಯಿತು. ಗುಡ್ಡ ತೆರೆಯದಿರಲಿ ಎಂದು ಆರು ವರ್ಷ ಒಳಗೊಳಗೇ ಆಸೆಪಟ್ಟವನಿಗೆ ಈಗ ಆ ಮುಖಗಳನ್ನು ನೋಡಲಾಗಲಿಲ್ಲ.

"ತಪ್ಪು ನನ್ನದು ಮೇಡಂ," ಎಂದ. ಜೀವನದಲ್ಲೇ ಅವನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಇವರದ್ದೇನಿಲ್ಲ. ಶಿಕ್ಷೆ ನನಗೆ ಕೊಡಿ."

ಮೇಡಂ ತಲೆಯೆತ್ತಿದಳು. "ನಾನು ಬಂದದ್ದೇ ಒಪ್ಪಿಗೆ ಇಲ್ಲ ಅನ್ನೋಕೆ. ನಿಮ್ಮ ಕಾಗದಗಳಲ್ಲಿ ರಕ್ಷಣಾ ಅಭ್ಯಾಸ ಮಾಡಿದ್ದಕ್ಕೆ ದಾಖಲೆ ಇರಲಿಲ್ಲ. ಲಿಫ್ಟ್ ಕೆಟ್ಟರೆ ಜೀವಂತ ಮನುಷ್ಯನನ್ನ ಇಳಿಸಿ ತೋರಿಸಬೇಕು. ತೋರಿಸಿದ್ದೀರಿ. ಇಪ್ಪತ್ತೆರಡು ನಿಮಿಷ. ಬೆಲ್ಟ್ ಹಾಕಿ, ನಾನೇ ಕೂತು ನೋಡ್ತೀನಿ."

ಎರಡು ಗಂಟೆಗೆ ಮೇಡಂ ಏರಿ ಇಳಿದಳು. ಎರಡೂವರೆಗೆ ಗುಡ್ಡ ತೆರೆಯಿತು. ಡನ್ನಿಂಗಿನ ಜನ ವಿಂಟನ್‌ನನ್ನು ಹೆಗಲ ಮೇಲೆ ಹೊತ್ತರು, ಒಂದು ಸಲ ಬೀಳಿಸಿದರು, ಮತ್ತೆ ಹೊತ್ತರು.

ಆ ಚಳಿಗಾಲ ಗುಡ್ಡ ತುಂಬಿತು. ಕಾರುಗಳ ಸಾಲು ಚರ್ಚಿನವರೆಗೆ ಬೆಳೆಯಿತು, ಬೇಕರಿ ಬಂತು, ಶಾಲೆಗೆ ಹನ್ನೆರಡು ಹೊಸ ಮಕ್ಕಳು ಬಂದರು. ವಿಂಟನ್ ಎಷ್ಟು ಬೇಗ ಎದ್ದು ಹೋದರೂ ಹೊಸ ಹಿಮದ ಮೇಲೆ ಯಾರದೋ ಗೆರೆ ಮೊದಲೇ ಬಿದ್ದಿರುತ್ತಿತ್ತು.

ಬೇಸಿಗೆಯಲ್ಲಿ ಗುಡ್ಡ ನೋಡಿಕೊಳ್ಳುವ ಊರಿನವರ ಸಮಿತಿ ಸೇರಿತು. ರಕ್ಷಣಾ ಅಭ್ಯಾಸ ಪ್ರತಿವರ್ಷ ನಡೆಯಬೇಕಂತೆ, ಯಾರಾದರೂ ಒಬ್ಬರು ಮೇಲೆ ಕೂರಬೇಕು. ಎಲ್ಲರೂ ಚಾವಣಿ ನೋಡಿದರು. ವಿಂಟನ್ ತಾನಾಗಿ ಕೈಯೆತ್ತಿದ. ಹನ್ನೊಂದನೇ ಕಂಬ, ಬೀಳುವ ಹಿಮ, ಕಾಣದ ಊರು. ವರ್ಷಕ್ಕೊಂದು ಗಂಟೆಯಾದರೂ ಆ ಮೌನ ತನ್ನದಾದೀತು. ಆ ಒಂದು ಗಂಟೆಗಾಗಿ ಅವನು ಐದು ತಿಂಗಳು ಕಾದ, ಅಂಚೆ ಕಚೇರಿಯಲ್ಲಿ ತಪ್ಪು ಪೆಟ್ಟಿಗೆಗೆ ಕಾಗದ ಹಾಕುತ್ತ ಅದರದ್ದೇ ಕನಸು ಕಂಡ.

ಡಿಸೆಂಬರಿನ ಮೊದಲ ಶನಿವಾರ ಹಿಮ ಅವನು ಬಯಸಿದಂತೆಯೇ ಬೀಳುತ್ತಿತ್ತು. ಕುರ್ಚಿ ತಿರುಗಿ ಬಂತು, ಕೂತ. ಅದೇ ಗಳಿಗೆಯಲ್ಲಿ ಪಕ್ಕದಲ್ಲಿ ಧೊಪ್ಪೆಂದು ಇನ್ನೊಂದು ಭಾರ ಬಿತ್ತು.

"ಎರಡು ಸೀಟಿನ ಕುರ್ಚಿಗೆ ಇಬ್ಬರು ಇರಲೇಬೇಕಂತೆ, ಮೇಡಂ ಬರೆದಿದ್ದಾಳೆ," ಎಂದಳು ಹೆಸ್ಟರ್, ಕಾಫಿ ಫ್ಲಾಸ್ಕನ್ನು ತೊಡೆಯ ಮೇಲೆ ಭದ್ರ ಮಾಡಿಕೊಳ್ಳುತ್ತ. "ಯಾರೂ ಒಪ್ಪಲಿಲ್ಲ, ಪಾಪ, ನಿನಗೆ ಬೇಜಾರಾಗುತ್ತೆ ಅಂತ ನಾನೇ ಬಂದೆ. ಹುಡುಗರಿಗೂ ಹೇಳಿದ್ದೀನಿ, ಈ ಸಲ ಆತುರ ಮಾಡಬೇಡಿ, ಹಗ್ಗ ಗಿಗ್ಗ ನಿಧಾನಕ್ಕೆ ಕಟ್ಟಿ ಅಂತ."

ಹನ್ನೊಂದನೇ ಕಂಬದ ಹತ್ತಿರ ಕುರ್ಚಿ ನಿಂತಿತು. ಮೋಟಾರಿನ ಸದ್ದಡಗಿತು. ಹಿಮ ಅವಸರವಿಲ್ಲದೆ ಇಳಿಯಿತು, ಊರು ಮೆಲ್ಲನೆ ಕಾಣದಾಯಿತು.

"ಹ್ಞೂಂ, ಈಗ ಹೇಳು," ಎಂದಳು ಹೆಸ್ಟರ್, "ನೀನು ಯಾಕೋ ಮದುವೆ ಆಗಲಿಲ್ಲ?"