ಯಾರಿಗೆ ಎಷ್ಟು ಉಪ್ಪು

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಆರು ವರ್ಷದ ಹಿಂದೆ ನಾಶಿಕದಲ್ಲಿ ನಮ್ಮ ಗೃಹಪ್ರವೇಶದ ದಿನ ಸ್ವಂತ ಅಣ್ಣನ ತಟ್ಟೆಗೆ ಸಪ್ಪೆ ಎಣ್ಣಗಾಯಿ ಬಡಿಸಿ, ಬ್ಯಾಂಕಿನ ಸಾಹೇಬರ ಎದುರಿಗೆ ಅವಮಾನ ಮಾಡಿದರು ಅನ್ನುವುದು ನಮ್ಮ ಮನೆತನದ ಅಧಿಕೃತ ಇತಿಹಾಸ. ಇದರಲ್ಲಿ ಎರಡು ಪಂಥಗಳಿವೆ. ಉಪ್ಪು ಮರೆತರು ಅನ್ನುವುದು ಅವ್ವನ ಪಂಥ. ಬೇಕಂತಲೇ ಮಾಡಿದರು ಅನ್ನುವುದು ಅಪ್ಪನ ಪಂಥ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಎರಡೂ ಪಕ್ಷದ ಪರವಾಗಿ ವಾದಿಸಿ, ಎರಡು ಸಲವೂ ಗೆದ್ದು, ಎರಡನ್ನೂ ನಂಬದೆ ಉಳಿದವಳು. ಮರೆತಿದ್ದರೆ ಉಳಿದ ಎಂಬತ್ತು ತಟ್ಟೆಗಳಲ್ಲಿ ಉಪ್ಪು ಸರಿಯಾಗಿ ಇದ್ದದ್ದು ಹೇಗೆ? ಬೇಕಂತಲೇ ಮಾಡಿದ್ದರೆ, ಮೂರು ದಿನ ಮೊದಲೇ ಬಂದು ಒಬ್ಬರೇ ಅಷ್ಟೂ ಜನಕ್ಕೆ ಅಡುಗೆ ಮಾಡಿದ್ದು ಯಾಕೆ? ಅವಮಾನ ಮಾಡಲಿಕ್ಕೆ ಅಷ್ಟು ಬದನೆಕಾಯಿ ಸೀಳಬೇಕಾಗಿರಲಿಲ್ಲ. ಬರದೇ ಇದ್ದರೆ ಸಾಕಿತ್ತು.

ಏನೇ ಇರಲಿ, ಅಂದಿನಿಂದ ಅಣ್ಣ ತಮ್ಮ ಮಾತಾಡಿಲ್ಲ. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ಅಪ್ಪ ನಾಶಿಕದಲ್ಲೇ ನೆಲೆ ನಿಂತರು. ಕಲಬುರಗಿ ಬಿಟ್ಟು ಬಂದ ಕಾಕಾ ಛತ್ರಪತಿ ಸಂಭಾಜಿನಗರದಲ್ಲಿ ಒಂಬತ್ತು ಟೇಬಲ್ಲಿನ ಖಾನಾವಳಿ ಇಟ್ಟರು. ನಡುವೆ ನಾಲ್ಕು ತಾಸಿನ ಬಸ್ಸು ಮತ್ತು ಒಂದು ಚಿಟಿಕೆ ಉಪ್ಪು.

ಈ ವರ್ಷ ಕಾಕಾ ನಾಶಿಕದಲ್ಲೂ ಒಂದು ಶಾಖೆ ತೆರೆಯುತ್ತೇನೆ ಅಂದರು. ಅದೂ ಎಲ್ಲಿ? ಅಪ್ಪ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವ ಓಣಿಯಲ್ಲಿ. “ನನ್ನ ಮೂಗಿನ ಕೆಳಗ ಒಗ್ಗರಣಿ ಹಾಕ್ಬೇಕಂತ ಬರಲತ್ತಾನ” ಎಂದು ಅಪ್ಪ ತೀರ್ಪು ಕೊಟ್ಟರು. ಎರಡು ಅಂಗಡಿ ಅಂದಮೇಲೆ ಸಾಮಾನಿನ ಲೆಕ್ಕ ಕಂಪ್ಯೂಟರಿನಲ್ಲಿರಬೇಕು ಎಂದು ಕಾಕು, ಅಂದರೆ ಕಾಕಾನ ಹೆಂಡತಿ, ಹಟ ಹಿಡಿದರು. ಹೋಟೆಲುಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಆಫೀಸಿನಲ್ಲಿ ನನ್ನ ನೌಕರಿ. ಹೀಗಾಗಿ ಯಾರ ಪಂಥಕ್ಕೂ ಸೇರದ ನಾನು ಲ್ಯಾಪ್‌ಟಾಪ್ ಹಿಡಿದು ಸಂಭಾಜಿನಗರದ ಬಸ್ಸು ಹತ್ತಿದೆ.

ಕೆಲಸ ಬಹಳ ಸುಲಭದ್ದು. ಗಲ್ಲಾದ ಮೇಲಿನ ಬಿಲ್ಲಿಂಗ್ ಮಷೀನಿನಲ್ಲಿ ಒಂದು ಎಣ್ಣಗಾಯಿ ಅಂತ ಒತ್ತಿದರೆ, ಅದರ ರೆಸಿಪಿ ನೋಡಿ, ಇಷ್ಟು ಬದನೆಕಾಯಿ, ಇಷ್ಟು ಶೇಂಗಾ, ಇಷ್ಟು ಉಪ್ಪು ಎಂದು ಸಾಮಾನಿನ ಪಟ್ಟಿಯಿಂದ ಸಾಫ್ಟ್‌ವೇರ್ ತಾನೇ ಕಳೆಯುತ್ತದೆ. ಬಿಲ್ಲಿನಲ್ಲಿರುವ ಯಾವ ತಿನಿಸಿಗೆ ಯಾವ ರೆಸಿಪಿ ಅನ್ನುವುದನ್ನೂ ಹೆಸರು ನೋಡಿ ತಾನೇ ಜೋಡಿಸಿಕೊಳ್ಳುತ್ತದೆ. ನಾವು ರೆಸಿಪಿಗಳನ್ನು ತುಂಬಿ ಒಂದು ಬಟನ್ ಒತ್ತಿದರಾಯಿತು. ನಾಲ್ಕು ಅಂತಸ್ತಿನ ಹೋಟೆಲುಗಳಲ್ಲಿ ಅರ್ಧ ದಿನಕ್ಕೆ ಮುಗಿಸಿ ಚಹಾ ಕುಡಿದು ಬಂದವಳು ನಾನು. ಒಂಬತ್ತು ಟೇಬಲ್ಲು ಯಾವ ಲೆಕ್ಕ?

“ಕಾಕಾ, ಒಂದು ಪ್ಲೇಟ್ ಎಣ್ಣಗಾಯಿಗೆ ಉಪ್ಪು ಎಷ್ಟ್ ಹಾಕ್ತೀರಿ?”

“ಯಾರಿಗೆ?”

“ಯಾರಿಗಂದ್ರ? ಗಿರಾಕಿಗ್ರಿ.”

“ಗಿರಾಕಿ ಅಂತ ಯಾರೂ ಬರಂಗಿಲ್ಲ ಇಲ್ಲಿ, ವಕೀಲಬಾಯಿ. ಮಂದಿ ಬರ್ತಾರ.”

ವಕೀಲಬಾಯಿ ಅನ್ನುವುದು ಕಾಕಾ ನನಗಿಟ್ಟ ಹೆಸರು. ನಾನು ಪಟ್ಟು ಬಿಡಲಿಲ್ಲ. “ಹೋಗ್ಲಿ, ಸರಾಸರಿ ಹೇಳ್ರಿ.”

“ಸರಾಸರಿ ಮನುಷ್ಯಾ ಇನ್ನೂ ನಮ್ಮಲ್ಲಿ ಊಟಕ್ಕ ಬಂದಿಲ್ಲವ್ವಾ. ಬಂದ ದಿನ ಕೇಳಿ ಹೇಳ್ತೀನಿ.”

ಆಮೇಲೆ ಒಳಗೆ ಹೋಗಿ ಎಣ್ಣೆ ಕುಡಿದು ಪಾರದರ್ಶಕವಾಗಿದ್ದ ಒಂದು ವಹಿ, ಕೈಬರಹದ ಪುಸ್ತಕ, ತಂದು ನನ್ನ ಮುಂದಿಟ್ಟರು. ಕಾಕಾನ ಪದ್ಧತಿ ಆಗ ತಿಳಿಯಿತು. ದೊಡ್ಡ ಪಾತ್ರೆಯಲ್ಲಿ ಎಣ್ಣಗಾಯಿಯನ್ನು ಅರ್ಧ ಬೇಯಿಸಿ ಇಡುತ್ತಾರೆ. ಅಡುಗೆಮನೆಯ ಕಿಂಡಿಯಿಂದ ಯಾರು ಬಂದು ಕೂತರು ಅಂತ ಹಣಿಕಿ ನೋಡಿ, ಅವರ ಪಾಲಿನದನ್ನು ಸಣ್ಣ ಬಾಣಲೆಗೆ ಹಾಕಿ, ಉಪ್ಪು ಖಾರ ಬೆಲ್ಲ ಅವರಿಗೆ ತಕ್ಕಂತೆ ಸೇರಿಸುತ್ತಾರೆ. ಇದೆಲ್ಲ ವಹಿಯಲ್ಲಿ ದಾಖಲಾಗಿತ್ತು.

ಎಣ್ಣಗಾಯಿ, ದೌಲತಾಬಾದ್ ಕೋಟೆ ಗೈಡ್: ದಿನಕ್ಕ ಎರಡು ಸಲ ಹತ್ತಿ ಇಳೀತಾನ, ಬೆವರು, ಉಪ್ಪು ಜಾಸ್ತಿ. ಎಣ್ಣಗಾಯಿ, ಬಿಡಕಿನ್ ಫ್ಯಾಕ್ಟರಿಯವರು: ನಿಂತು ಕೆಲಸ, ಶೇಂಗಾ ಜಾಸ್ತಿ, ರೊಟ್ಟಿ ದಪ್ಪ. ಎಣ್ಣಗಾಯಿ, ಬ್ಯಾಂಕಿನ ಹೊಸ ಮ್ಯಾನೇಜರ್: ಹೆಂಡತಿ ಇನ್ನೂ ಧಾರವಾಡದಾಗ, ಬೆಲ್ಲ ಸ್ವಲ್ಪ ಮುಂದ. ಎಣ್ಣಗಾಯಿ, ಅದೇ ಮ್ಯಾನೇಜರ್, ಹೆಂಡತಿ ಬಂದ ಮ್ಯಾಲ: ಬೆಲ್ಲ ಬ್ಯಾಡ.

ಒಂದೇ ಎಣ್ಣಗಾಯಿಗೆ ಹತ್ತೊಂಬತ್ತು ರೆಸಿಪಿ! ನನಗೂ ಹುರುಪು ಬಂತು. ಕಾಕಾ ಬರೆದದ್ದರ ಅರ್ಥ ಯೋಚಿಸುವ ಗೋಜಿಗೆ ಹೋಗದೆ, ವಹಿಯನ್ನು ಮೊದಲಿಂದ ಕಡೆಯವರೆಗೆ ಇದ್ದದ್ದು ಇದ್ದಂತೆ ಟೈಪು ಮಾಡಿ ಬಟನ್ ಒತ್ತಿದೆ. ಸಾಫ್ಟ್‌ವೇರ್ ಸ್ವಲ್ಪ ಹೊತ್ತು ಧ್ಯಾನ ಮಾಡಿತು. ಎಣ್ಣಗಾಯಿ ಅನ್ನುವ ಹೆಸರಿನ ಹತ್ತೊಂಬತ್ತರಲ್ಲಿ ಮೊದಲು ಸಿಕ್ಕಿದ್ದನ್ನು ಹಿಡಿದು ಜೋಡಿಸಿ, ಹಸಿರು ಟಿಕ್ ತೋರಿಸಿತು. ಮೊದಲು ಸಿಕ್ಕಿದ್ದು ಕೋಟೆ ಗೈಡ್.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಕಂಪ್ಯೂಟರಿನ ಪ್ರಕಾರ ಖಾನಾವಳಿಯಲ್ಲಿ ಉಪ್ಪು ಪೂರ್ತಿ ಖಾಲಿಯಾಗಿ ಸೊನ್ನೆಗಿಂತ ಕೆಳಗೆ ಇಳಿದಿತ್ತು. ಅಡುಗೆಮನೆಯಲ್ಲಿ ಅರ್ಧ ಡಬ್ಬಿ ಉಪ್ಪು ಆರಾಮಾಗಿ ಕೂತಿತ್ತು. ಕಾಕಾ ಡಬ್ಬಿಯನ್ನೂ ನೋಡಿದರು, ಪರದೆಯನ್ನೂ ನೋಡಿದರು.

“ವಕೀಲಬಾಯಿ, ನಿನ್ನ ಮಷೀನು ಇಡೀ ಊರನ್ನ ಕೋಟೆ ಹತ್ತಿಸ್ಯಾದ.”

ನಾನು ವಾದಕ್ಕಿಳಿದೆ. ತಪ್ಪು ಮಷೀನಿನದಲ್ಲ, ಹತ್ತೊಂಬತ್ತರದು. ಒಂದೇ ಹೆಸರಿನ ಊಟವನ್ನು ಒಬ್ಬರಿಗೊಂದು ರೀತಿ ಕೊಡುವುದು ಪಕ್ಷಪಾತ. ಎಲ್ಲರಿಗೂ ಒಂದೇ ಅಳತೆ ಅನ್ನುವುದೇ ನ್ಯಾಯ.

“ಹಂಗಾದ್ರ ನಾಳಿಂದ ನಿಮ್ಮ ಕಾಕೂಗ ನನ್ನ ಚಪ್ಪಲಿ ಕೊಡ್ತೀನಿ. ನ್ಯಾಯ ಆಗ್ಲಿ” ಅಂದರು ಕಾಕಾ.

ಕಾಕು ಗಲ್ಲಾದಿಂದಲೇ ಹೇಳಿದರು, “ಚಪ್ಪಲಿ ಆಮ್ಯಾಲ ನೋಡೋಣು. ನಾಶಿಕದಾಗ ಕಿಂಡಿಯಿಂದ ಮಂದಿ ಮಾರಿ ನೋಡಿ ಅಡಿಗಿ ಮಾಡೋರು ಯಾರದಾರ?”

“ನಾ ಅದೀನಲ್ಲ.”

“ಮತ್ತ ಇಲ್ಲಿ?”

“ಇಲ್ಲಿ ನೀ ಅದಿ. ಮಂದೀನ ನನಗಿಂತ ಛಲೋ ಬಲ್ಲಿ.”

ಕಾಕು ಇದನ್ನು ಹೊಗಳಿಕೆ ಅಂತ ತಗೊಳ್ಳಬೇಕೋ ಬೇಡವೋ ಅಂತ ತಿಳಿಯದೆ ಚಿಲ್ಲರೆ ಎಣಿಸತೊಡಗಿದರು. ಕಡೆಗೆ ರಾಜಿಯಾಯಿತು. ಕಂಪ್ಯೂಟರಿಗೆ ಮಧ್ಯಮ ಉಪ್ಪಿನ ಒಂದು ರೆಸಿಪಿ ಕೊಟ್ಟು ಸಮಾಧಾನ ಮಾಡುವುದು. ಹತ್ತೊಂಬತ್ತನ್ನೂ ಕಂಪ್ಯೂಟರಿನಿಂದ ತೆಗೆದು ಕಾಕಾನ ವಹಿಯಲ್ಲೇ ಉಳಿಸುವುದು. ಇಲ್ಲದ ಸರಾಸರಿ ಮನುಷ್ಯನಿಗೆ ನಾವಿಬ್ಬರೂ ಸೇರಿ ಒಂದು ಪ್ಲೇಟ್ ಎಣ್ಣಗಾಯಿ ಮಾಡಿದೆವು. ಕಾಕಾ ರುಚಿ ನೋಡಿ, “ಇದನ್ನ ಯಾರು ತಿಂತಾರೋ, ಪಾಪ” ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ನಾಶಿಕದ ಅಂಗಡಿಯ ಪಟ್ಟಿಯನ್ನು ಪೂರ್ತಿ ಮಾಡಲು ಹೋದಾಗ ಸಾಫ್ಟ್‌ವೇರ್ ತಡೆದು ನಿಲ್ಲಿಸಿತು. ಯಾವ ತಿನಿಸಿಗೂ ಜೋಡಣೆಯಾಗದ ರೆಸಿಪಿ: ಒಂದು. ಜೋಡಿಸಿ ಅಥವಾ ಅಳಿಸಿ.

ತೆರೆದು ನೋಡಿದೆ. ಓದದೆ ಟೈಪು ಮಾಡಿದ್ದ ನನ್ನದೇ ಕೈಕೆಲಸ. ಉಳಿದವಕ್ಕೆಲ್ಲ ಎಣ್ಣಗಾಯಿ ಎಂಬ ಹೆಸರಿತ್ತು, ಮಷೀನು ಅದನ್ನು ಹಿಡಿದು ಹುಡುಕಿತ್ತು. ಇದಕ್ಕೆ ತಿನಿಸಿನ ಹೆಸರೇ ಇರಲಿಲ್ಲ. ‘ಅಣ್ಣ’ ಅಂತ ಇತ್ತು, ಅಷ್ಟೇ.

ವಹಿಯಲ್ಲಿ ಆ ಪುಟ ಹುಡುಕಿದೆ. ಅದರ ಎದುರಿನ ಪುಟದಲ್ಲಿ ನಮ್ಮ ಗೃಹಪ್ರವೇಶದ ಅಡುಗೆಯ ಪಟ್ಟಿ ಇತ್ತು, ಎಂಬತ್ತು ಮಂದಿ ಅಂತ ಬರೆದು. ಈ ಪುಟದಲ್ಲಿ ಅದೇ ನೀಲಿ ಶಾಯಿಯಲ್ಲಿ: ಪಾದ ಬಾತಾವ, ಮೆಟ್ಟಿಲು ಹತ್ತಿದ್ರ ತೇಕು, ಉಪ್ಪು ಕಾಲು ಭಾಗ.

ಅಪ್ಪನಿಗೆ ಬಿಪಿ ಇದೆ ಅಂತ ಡಾಕ್ಟರು ಕಂಡುಹಿಡಿದು ಉಪ್ಪು ಬಿಡಿಸಿದ್ದು ಗೃಹಪ್ರವೇಶವಾಗಿ ಮೂರು ತಿಂಗಳಿಗೆ. ಕಾಕಾ ಡಾಕ್ಟರಿಗಿಂತ ಮೂರು ತಿಂಗಳು ಮುಂದಿದ್ದರು. ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟು ಸಾಹೇಬರ ಎದುರಿಗೆ ಅಣ್ಣನಿಗೆ ರೋಗ ಇದೆ ಅನ್ನುವುದು ಹೇಗೆ? ಅವಮಾನ ಆಗಬಾರದು ಅಂತಲೇ ಸುಮ್ಮನೆ ಬಡಿಸಿದ್ದರು. ಎರಡೂ ಪಂಥಗಳ ಪರವಾಗಿ ಗೆದ್ದಿದ್ದ ನನಗೆ ಈ ಮೂರನೆಯದು ಹೊಳೆದೇ ಇರಲಿಲ್ಲ.

ಪುಟ ಅಲ್ಲಿಗೆ ನಿಂತಿರಲಿಲ್ಲ. ಕೆಳಗೆ ಪೆನ್ಸಿಲಿನಲ್ಲಿ: ಹೊಸಾ ಗುಳಿಗಿ, ಖಾರ ಕಡಿಮಿ. ಅದರ ಕೆಳಗೆ, ಇನ್ನೂ ಹೊಸ ಅಕ್ಷರದಲ್ಲಿ: ಹಲ್ಲು ಕಟ್ಟಿಸ್ಯಾನ, ರೊಟ್ಟಿ ಮೆತ್ತಗ, ಬದನಿಕಾಯಿ ಎಳೀದು. ಅಪ್ಪ ಹಲ್ಲು ಕಟ್ಟಿಸಿದ್ದು ಹೋದ ದೀಪಾವಳಿಗೆ. ಮಾತೇ ಇಲ್ಲದ ತಮ್ಮನಿಗೆ ಇದೆಲ್ಲ ಹೇಳಿದವರು ಯಾರು? ಅವ್ವನಿಗೆ ಫೋನ್ ಮಾಡಿದೆ.

“ಸೋಮವಾರಕ್ಕೊಮ್ಮೆ ಫೋನ್ ಮಾಡ್ತಾನ. ಅಣ್ಣ ಏನು ಉಂಡ, ಎಷ್ಟು ಉಂಡ ಅಂತ ಕೇಳಿ ಇಡ್ತಾನ” ಅಂದಳು ಅವ್ವ. “ನಿಮ್ಮಪ್ಪಗ ಹೇಳಬ್ಯಾಡ.”

ಕಾಕಾ ಕೈ ಒರೆಸಿಕೊಳ್ಳುತ್ತ ಬಂದು ಪರದೆ ನೋಡಿದರು.

“ಅಳಸಿಬಿಡವ್ವಾ ಅದನ್ನ. ಬಿಲ್ಲಿನಾಗ ಇಲ್ಲದ್ದು.”

“ಅಳಸೋದಾದ್ರ ಆ ಓಣ್ಯಾಗ ಅಂಗಡಿ ಯಾಕ ತಗೊಂಡ್ರಿ, ಕಾಕಾ?”

“ಬಾಡಿಗಿ ಕಡಿಮಿ ಇತ್ತು” ಅಂದರು. ಕಿಂಡಿಯಾಚೆ ಯಾರೋ ಬಂದು ಕೂತರು. ಅದೇ ನೆಪ ಸಾಕಾಗಿ ಒಳಗೆ ಹೋದರು. ವಾದದಲ್ಲಿ ಇಷ್ಟು ದುರ್ಬಲ ಉತ್ತರ ಕೊಟ್ಟ ಎದುರಾಳಿಯನ್ನು ನಾನು ಬಿಟ್ಟದ್ದು ಅದೇ ಮೊದಲು.

ನಾನು ಅಳಿಸಲಿಲ್ಲ, ಜೋಡಿಸಲೂ ಇಲ್ಲ. ಅದು ನನ್ನ ಕೈಯಲ್ಲಿಲ್ಲ, ಮಷೀನಿನ ಕೈಯಲ್ಲಂತೂ ಮೊದಲೇ ಇಲ್ಲ. ವಹಿಯ ಆ ಪುಟದ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು, ಅಂದರೆ ನೋಡಿದರು. ಆಮೇಲೆ ಫೋನ್ ಮಾಡಿದೆ. ಎತ್ತಿದರು. ಹಿಂದೆ ಟಿವಿ ಸದ್ದು ಕೇಳುತ್ತಿತ್ತು, ಅದನ್ನು ಆರಿಸಿದರು.

“ಅಪ್ಪಾ, ಬುಧವಾರ ಮಧ್ಯಾಹ್ನ ನಿಮ್ಮ ಓಣ್ಯಾಗ ಅಂಗಡಿ ತೆರೀತದ. ಪಟ್ಟಿಯೊಳಗ ಒಂದು ಪ್ಲೇಟು ಉಳಿದದ. ಅಳಿಸಲೇನು, ನೀವು ಬರ್ತೀರೇನು?”